ಮಾವ ಹಾಕಿಸಿದ ವೈಫೈ

ನನಗೆ ಬಂದ ದೂರಿನಲ್ಲಿ ಇದ್ದದ್ದು ಎರಡೇ ಮಾತು: ಸ್ಪೀಡ್ ಇಲ್ಲ. ನಮ್ಮ ಕೆಲಸದಲ್ಲಿ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಇದೇ. ಹೋಗಿ ನೋಡಿದರೆ ರೂಟರ್ ಮೇಲೆ ಯಾರೋ ಒದ್ದೆ ಟವಲ್ ಒಣಹಾಕಿರುತ್ತಾರೆ, ಇಲ್ಲವೇ ಪಕ್ಕದ ಮನೆಯ ಮಕ್ಕಳೆಲ್ಲ ಅದೇ ವೈಫೈನಲ್ಲಿ ಆಟ ಆಡುತ್ತಿರುತ್ತಾರೆ. ನಮ್ಮ ಕಡೆ ವೈಫೈ ಪಾಸ್‌ವರ್ಡ್ ಕೇಳುವುದು ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟೇ ಸಹಜ. ಕೇಳಿದವರಿಗೆ ಇಲ್ಲ ಅಂದರೆ ಮಾತುಕತೆಯೇ ನಿಂತುಹೋಗುತ್ತದೆ. ಹಾಗಾಗಿ ಒಂದು ಮನೆಗೆ ಕನೆಕ್ಷನ್ ಕೊಟ್ಟರೆ ಬೀದಿಗೇ ಕೊಟ್ಟಂತೆ.

ನಾನು ಶ್ರೀನಿವಾಸಪುರದಲ್ಲಿ ಒಬ್ಬ ಕೇಬಲ್ ಮಾಲೀಕರ ಹತ್ತಿರ ಇಂಟರ್ನೆಟ್ ಲೈನಿನ ಕೆಲಸ ನೋಡಿಕೊಳ್ಳುತ್ತೇನೆ. ಹೆಂಗಸು ಏಣಿ ಹತ್ತುತ್ತಾಳೆಂದು ಮೊದಮೊದಲು ಜನ ನಿಂತು ನೋಡುತ್ತಿದ್ದರು. ಈಗ ಏಣಿ ಹಿಡಿದುಕೊಳ್ಳಲೂ ಯಾರೂ ಬರುವುದಿಲ್ಲ. ಆ ದೂರು ಬಂದ ಊರು ರಾಯಲ್ಪಾಡಿನ ಕಡೆ. ಅಲ್ಲಿ ಮೊಬೈಲ್ ಸಿಗ್ನಲ್ ಬೇಕಾದರೆ ಮಾವಿನ ತೋಪಿನ ಅಂಚಿಗೆ ಹೋಗಿ ನಿಲ್ಲಬೇಕು, ಸಿಕ್ಕರೂ ಆಂಧ್ರದ ಟವರ್ ಸಿಗುತ್ತದೆ. ಮನೆಯೊಳಗೆ ಫೋನ್ ನಡೆಯಬೇಕಾದರೆ ವೈಫೈ ಒಂದೇ ದಾರಿ.

ಮನೆಯಲ್ಲಿದ್ದವರು ತಾಯಿ, ಮಗಳು ಇಬ್ಬರೇ. ರೂಟರ್ ಟಿವಿಯ ಮೇಲಿನ ಮೊಳೆಗೆ ನೇತುಬಿದ್ದಿತ್ತು. ಸ್ಪೀಡ್ ಅಳೆದು ನೋಡಿದೆ, ಚೆನ್ನಾಗಿಯೇ ಇತ್ತು. ನನಗೆ ರೇಗಿತು. ಅಷ್ಟು ದೂರ ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದವಳಿಗೆ ರೇಗದೆ ಇನ್ನೇನು. ತಾಯಿ ಕಾಫಿ ಇಡಲು ಒಳಗೆ ಹೋದದ್ದೇ ತಡ, ಮಗಳು ನನ್ನ ಪಕ್ಕಕ್ಕೆ ಬಂದು ಕೂತಳು. ಅವಳ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು.

“ಸ್ಪೀಡ್ ಸರಿಯಾಗೇ ಇದೆ ಅಕ್ಕ. ಪಕ್ಕದ ಮನೆಯವರ ಫೋನಿಂದ ನಾನೇ ಸುಳ್ಳು ಹೇಳಿ ಕರ್ಸಿದ್ದು. ನಾನು ಏನ್ ಮಾಡಿದ್ರೂ ಮಾವನಿಗೆ ಗೊತ್ತಾಗೋಗ್ತಿದೆ. ಹೆಂಗೆ ಅಂತ ನೀವು ನೋಡಿ ಹೇಳಿ.”

ಮಾವ ಎಂದರೆ ಅವಳ ಗಂಡ, ತಾಯಿಯ ಸ್ವಂತ ತಮ್ಮ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದಲ್ಲ. ಹುಡುಗಿ ದೂರ ಹೋಗುವುದಿಲ್ಲ, ಅನ್ಯರ ಮನೆಯ ಕಾಟವಿಲ್ಲ ಎಂದು ದೊಡ್ಡವರು ಹೇಳಿಕೊಳ್ಳುತ್ತಾರೆ. ಜಗಳವಾದರೆ ಏನು ಗತಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಇವಳು ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದಳು. ಆ ತವರು ಗಂಡನ ಅಕ್ಕನ ಮನೆ. ಅವನು ಇರುವುದು ಹಿಂದಿನ ಬೀದಿಯಲ್ಲಿ. ಹೊತ್ತು ಹೊತ್ತಿಗೆ ಬಂದು, ಅಕ್ಕ ಬಡಿಸಿದ್ದು ಉಂಡು, ಇವಳ ಕಡೆ ಒಂದು ಸಲ ನೋಡಿ ಹೋಗುತ್ತಿದ್ದ. ಹಿರಿಯರು ಕೂತು ಒಂದು ಸಲ ರಾಜಿ ಮಾಡಿ ಕಳಿಸಿದ್ದರು. ಹಲ್ಲು ಮುರಿದದ್ದು ಆ ರಾಜಿಯ ನಂತರ.

ಹುಡುಗಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದಿದ್ದಳು. ಒಂದು ಕೆಲಸ ಹಿಡಿದು ಊರು ಬಿಡಬೇಕು ಎಂಬುದೊಂದೇ ಅವಳ ಯೋಚನೆ. ಕೋಲಾರದ ಒಂದು ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದ್ದಳು. ಮರುದಿನವೇ ಮಾವ ಆ ಆಸ್ಪತ್ರೆಗೆ ಫೋನ್ ಮಾಡಿ, ನಮ್ಮ ಹುಡುಗಿಗೆ ತಲೆ ಸರಿಯಿಲ್ಲ, ಮೂರ್ಛೆ ಬರುತ್ತದೆ, ರಕ್ತ ತೆಗೆಯುವ ಕೆಲಸಕ್ಕೆ ಇಟ್ಟುಕೊಂಡು ಏನಾದರೂ ಆದರೆ ನಾವು ಹೊಣೆಯಲ್ಲ ಎಂದಿದ್ದ. ಇನ್ನೊಂದು ಸಲ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬಾಗಿಲ ಎದುರೇ ಮಾವ ನಿಂತಿದ್ದ. ಕೈ ಚಾಚಿ ಇಳಿಸಿಕೊಂಡು, ಬೈಕಿನಲ್ಲಿ ಕೂರಿಸಿಕೊಂಡು ವಾಪಸ್ ತಂದುಬಿಟ್ಟಿದ್ದ.

“ಇನ್‌ಕಾಗ್ನಿಟೋ ಹಾಕ್ಕೊಂಡೇ ನೋಡ್ತಿದ್ದೆ ಅಕ್ಕ. ಆದ್ರೂ ಹೆಂಗೆ?”

ಎಲ್ಲರೂ ಮಾಡುವ ತಪ್ಪು ಇದು. ಇನ್‌ಕಾಗ್ನಿಟೋ ಎಂದರೆ ನಮ್ಮ ಫೋನಿನಲ್ಲಿ ಗುರುತು ಉಳಿಯುವುದಿಲ್ಲ, ಅಷ್ಟೇ. ನಾವು ಹೋಗುವ ದಾರಿಯಲ್ಲಿ ರೂಟರ್ ಕೂತಿರುತ್ತದೆ, ಅದರ ಕಣ್ಣಿಗೆ ಆ ದಾರಿ ಮರೆಯಾಗುವುದಿಲ್ಲ. ಬೀದಿ ಬಾಗಿಲಲ್ಲಿ ಕೂತ ಮುದುಕಿಯ ಹಾಗೆ, ಯಾರ ಮನೆಗೆ ಹೋದೆ ಎಂಬುದು ಅದಕ್ಕೆ ಗೊತ್ತು. ಒಳಗೆ ಕೂತು ಏನು ಮಾತಾಡಿದೆ ಎಂಬುದು ಗೊತ್ತಿಲ್ಲ. ಆದರೆ ಆಸ್ಪತ್ರೆಯ ಹೆಸರು ಸಿಕ್ಕ ಮೇಲೆ ಮಾವನಿಗೆ ಒಳಗಿನ ಮಾತು ಯಾಕೆ ಬೇಕು?

ಲ್ಯಾಪ್‌ಟಾಪ್ ತೆಗೆದು ರೂಟರಿನ ಪುಟ ತೆರೆದೆ. ಡಬ್ಬಿಯ ಅಡಿಗೆ ಅಂಟಿಸಿದ ಪಾಸ್‌ವರ್ಡ್ ಹೊಡೆದರೆ ಒಳಗೆ ಬಿಡಲಿಲ್ಲ. ಅಂದರೆ ಯಾರೋ ಬದಲಾಯಿಸಿದ್ದಾರೆ. ಪುಟದ ಕೆಳಗೆ, ಈ ರೂಟರ್ ಒಂದು ಮೊಬೈಲ್ ಆಪ್‌ಗೆ ಸೇರಿದೆ ಎಂದು ತೋರಿಸಿ, ಫೋನ್ ನಂಬರಿನ ಕೊನೆಯ ಅಂಕಿಗಳಷ್ಟನ್ನು ಕೊಟ್ಟಿತ್ತು. ಹುಡುಗಿ ಅದನ್ನು ನೋಡಿದ್ದೇ ಮುಖ ತಿರುಗಿಸಿದಳು. ಮಾವನ ನಂಬರ್. ಆ ಆಪ್ ಇದ್ದರೆ ಸಾಕು, ಯಾವ ಫೋನ್ ಮನೆಯ ವೈಫೈನಲ್ಲಿದೆ, ಯಾವಾಗ ಬಿಟ್ಟು ಹೋಯಿತು, ಯಾವ ಯಾವ ಸೈಟ್ ನೋಡಿತು, ಎಲ್ಲ ಕೂತಲ್ಲೇ ಕಾಣುತ್ತದೆ. ಅವಳ ಫೋನ್ ವೈಫೈ ಬಿಟ್ಟಿತೆಂದರೆ ಅವಳು ಹೊಸಿಲು ದಾಟಿದಳು ಎಂದರ್ಥ. ಮಾವ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ವ್ಯಾಪಾರ ಮಾಡುತ್ತಲೇ ಕಾವಲು ಕಾಯುತ್ತಿದ್ದ.

ತಾಯಿ ಕಾಫಿ ತಂದರು. “ಇದನ್ನ ನಮ್ಮ ತಮ್ಮನೇ ಹಾಕ್ಸಿದ್ದು ಅಮ್ಮಣ್ಣಿ. ನಮ್ಮೆಜಮಾನ್ರು ಹೋದ್ಮೇಲೆ ಈ ಮನೆ ತಾರಸಿ, ಮೋಟ್ರು, ಟಿವಿ, ಎಲ್ಲಾ ಅವನೇ. ದೇವುಡು ಲಾಂಟಿ ಮನಿಷಿ,” ಎಂದರು. ದೇವರಂಥ ಮನುಷ್ಯ. ಮಗಳ ಹಲ್ಲು ಏನಾಯಿತು ಎಂದು ಬೇಕೆಂದೇ ಕೇಳಿದೆ. “ಜಾರಿ ಬಿದ್ಲು,” ಎಂದರು, ಲೋಟ ತೆಗೆದುಕೊಂಡು ಒಳಗೆ ಹೋದರು.

ಒಳಗೆ ಹೋಗಲು ಪಾಸ್‌ವರ್ಡ್ ಇಲ್ಲದ ರೂಟರಿಗೆ ಇರುವುದು ಒಂದೇ ಮದ್ದು. ಹಿಂದೆ ಒಂದು ಸಣ್ಣ ತೂತಿದೆ. ಪಿನ್ನು ಹಾಕಿ ದೀಪಗಳೆಲ್ಲ ಆರಿ ಹತ್ತುವ ತನಕ ಒತ್ತಿ ಹಿಡಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, ಆಪ್‌ನ ನಂಟೂ ಕಡಿಯುತ್ತದೆ. ಕಿವಿಯೋಲೆಯ ತಂತಿಯಿಂದ ಒತ್ತಿದೆ. ಆಮೇಲೆ ಮೊದಲಿನಿಂದ ಕಟ್ಟುತ್ತಾ ಬಂದೆ. ರೂಟರಿನ ಒಳಗೆ ಹೋಗುವ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ. ಹೊರಗಿನಿಂದ ನಿಯಂತ್ರಿಸುವ ಸೌಲಭ್ಯ ಮುಚ್ಚಿದೆ. ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆ ಫೋನ್ ಸೇರಿಸಿಕೊಳ್ಳುವುದನ್ನೂ ಮುಚ್ಚಿದೆ. ಸಾಫ್ಟ್‌ವೇರ್ ಹಳೆಯದಿತ್ತು, ಹೊಸದು ಹಾಕಿದೆ. ಟಿವಿಗೆ, ತಾಯಿಯ ಫೋನಿಗೆ, ಬಂದುಹೋಗುವವರಿಗೆಂದು ಅತಿಥಿಗಳ ವೈಫೈ ಒಂದನ್ನು ಬೇರೆಯಾಗಿ ಮಾಡಿದೆ. ಅದರಲ್ಲಿ ಬಂದವರಿಗೆ ರೂಟರಿನ ಒಳಗು ಕಾಣುವುದಿಲ್ಲ. ಹುಡುಗಿಯ ಫೋನಿಗೆ ಅವಳದೇ ವೈಫೈ.

ಅವಳ ಗೂಗಲ್ ಖಾತೆ ತೆರೆಸಿ ನೋಡಿದರೆ, ಗಂಡನ ಮನೆಯಲ್ಲಿ ಬಿಟ್ಟು ಬಂದ ಹಳೆಯ ಫೋನ್ ಇನ್ನೂ ಅದರೊಳಗೇ ಇತ್ತು. ಅದನ್ನು ಹೊರಗೆ ಹಾಕಿದೆ. ವಾಟ್ಸ್‌ಆಪ್ ಬೇರೆ ಕಡೆ ತೆರೆದಿದೆಯೇ ಎಂದೂ ನೋಡಿದೆ, ಇರಲಿಲ್ಲ. ಇಷ್ಟೆಲ್ಲ ಮಾಡಿ ಏಣಿ ಕಟ್ಟಿಕೊಂಡು ಹೊರಟಾಗ ನನಗೆ ಜಂಬ ಬಂದಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆ ಜಂಬ ಹೆಚ್ಚು ದಿನ ಬಾಳಲಿಲ್ಲ. ಹುಡುಗಿ ಪಕ್ಕದ ಮನೆಯ ಫೋನಿಂದ ಮತ್ತೆ ಕರೆ ಮಾಡಿದಳು. ದಂತ ವೈದ್ಯರಿಗೆ ಹಲ್ಲು ತೋರಿಸಲು ಹೋಗುತ್ತೇನೆಂದು ಹೊರಟರೆ ಮಾವ ಅಲ್ಲೂ ಬಂದು ಕೂತಿದ್ದನಂತೆ. ಮತ್ತೆ ಹೋದೆ. ರೂಟರ್ ಜಾಲಾಡಿದೆ. ಹೊಸ ಆಪ್ ಇಲ್ಲ, ಪಾಸ್‌ವರ್ಡ್ ಬದಲಾಗಿಲ್ಲ. ಮಾವನ ಫೋನ್ ಅತಿಥಿಗಳ ವೈಫೈನಲ್ಲಿ ಮಾತ್ರ ಕಂಡಿತು, ಅಲ್ಲಿಂದ ಅವನಿಗೆ ಏನೂ ಕಾಣುವಂತಿರಲಿಲ್ಲ. ಹುಡುಗಿಯ ಫೋನಿನಲ್ಲಿ ಕದ್ದು ಕೂತ ಆಪ್ ಏನಾದರೂ ಇದೆಯೇ ಎಂದು ಒಂದೊಂದನ್ನೇ ನೋಡಿದೆ, ಇರಲಿಲ್ಲ. ಯಂತ್ರದಲ್ಲಿ ಎಲ್ಲೂ ತೂತಿರಲಿಲ್ಲ. ಉಳಿದದ್ದು ಮನುಷ್ಯರು, ಮತ್ತು ಆ ಮನೆಯಲ್ಲಿ ಹುಡುಗಿಯನ್ನು ಬಿಟ್ಟರೆ ಇದ್ದದ್ದು ಒಬ್ಬರೇ ಮನುಷ್ಯರು.

ಅದನ್ನು ಅವಳಿಗೆ ನೇರವಾಗಿ ಹೇಳಿದ್ದರೆ ನಂಬುತ್ತಿರಲಿಲ್ಲ. ಅದಕ್ಕೇ ಒಂದು ಕೆಲಸ ಹೇಳಿದೆ. “ಬುಧವಾರ ಮುಳಬಾಗಿಲಿಗೆ ಹೋಗ್ತೀನಿ, ಇಂಟರ್‌ವ್ಯೂ ಇದೆ ಅಂತ ನಿಮ್ಮಮ್ಮನಿಗೆ ಒಬ್ರಿಗೇ ಹೇಳು. ಫೋನಲ್ಲಿ ಏನೂ ನೋಡ್ಬೇಡ, ಯಾರಿಗೂ ಮೆಸೇಜ್ ಹಾಕ್ಬೇಡ. ಆವತ್ತು ಮನೆ ಬಿಟ್ಟು ಹೋಗ್ಲೂಬೇಡ.”

ಬುಧವಾರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ಮುಂದಿಟ್ಟುಕೊಂಡು ಕೂತಿದ್ದೆ. ಹುಡುಗಿ ಫೋಟೊದಲ್ಲಿ ಮುಖ ತೋರಿಸಿದ್ದಳು, ನೋಡಿದ ತಕ್ಷಣ ಗುರುತು ಸಿಕ್ಕಿತು: ಮಾವ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಬೈಕಿನ ಕೀಲಿಕೈ. ಮುಳಬಾಗಿಲಿನ ಬಸ್ಸು ನಿಲ್ಲುವ ಜಾಗಕ್ಕೆ ನೇರವಾಗಿ ಹೋಗಿ ಕಂಬಕ್ಕೆ ಒರಗಿ ನಿಂತ. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಪಕ್ಕದವರೊಡನೆ ನಗುನಗುತ್ತಾ ಮಾತಾಡುತ್ತಾ ನಿಂತೇ ಇದ್ದ. ಕೂತಲ್ಲಿಂದಲೇ ಅವನದೊಂದು ಫೋಟೊ ತೆಗೆದೆ.

ಆ ಫೋಟೊ ಹುಡುಗಿಗೆ ತೋರಿಸಿದ್ದು ತೋಪಿನ ಅಂಚಿನಲ್ಲಿ. ಅವಳು ಅದನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದಳು. ಅಳಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು ಸೀದಾ ಮನೆಗೆ ನಡೆದಳು, ನಾನೂ ಹಿಂದೆ ಹೋದೆ. ತಾಯಿ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು.

“ಅಮ್ಮ, ನಾನು ಮುಳಬಾಗಿಲಿಗೆ ಹೋಗೋ ವಿಷ್ಯ ಮಾವನಿಗೆ ಹೇಳಿದ್ಯಾ?”

“ಹೂಂ. ಕೇಳ್ದ, ಹೇಳ್ದೆ.”

“ಕೇಳಿದ್ರೆ ಹೇಳ್ಬಿಡೋದಾ?”

ತಾಯಿ ಮೊರ ಕೆಳಗಿಟ್ಟರು. ಅವರ ಮುಖದಲ್ಲಿ ಕಳ್ಳತನವಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. “ನನ್ನ ತಮ್ಮ ಕಣೇ ಅವನು. ಎತ್ತಿ ಆಡ್ಸಿದ ಕೈ ಇದು. ಅವನು ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅನ್ನೋಕೆ ಹೊರಗಿನವನಾ? ಹೊಸ ವೈಫೈದು ಪಾಸ್ವರ್ಡೂ ಕೇಳ್ದ, ಅದನ್ನೂ ಕೊಟ್ಟೆ. ನಾಳೆ ನಿಂಗೆ ಹೆಚ್ಚುಕಮ್ಮಿ ಆದ್ರೆ ಬರೋನು ಅವನೇ ತಾನೆ?”

“ಅವನೇ ಬರ್ತಾನೆ ಅಮ್ಮ,” ಎಂದಳು ಮಗಳು. ಆಮೇಲೆ ಆ ಮನೆಯಲ್ಲಿ ಇದ್ದಷ್ಟು ದಿನ ಅವಳು ತಾಯಿಯೊಡನೆ ಮಾತಾಡಿದ್ದು ಊಟ ಬೇಕು, ಬೇಡ ಎಂಬಷ್ಟೇ.

ಅಷ್ಟರಲ್ಲಿ ಮಾಲೀಕರು ನನ್ನನ್ನು ಕರೆಸಿದರು. ಮಾವ ದೂರು ಕೊಟ್ಟಿದ್ದ, ತನ್ನ ರೂಟರಿನ ಆಪ್ ಕೆಲಸ ಮಾಡುತ್ತಿಲ್ಲ ಎಂದು.

“ಏನಮ್ಮ, ಆ ಕನೆಕ್ಷನ್ ಯಾರ ಹೆಸರಲ್ಲಿದೆ?”

“ಅವರ ಹೆಸರಲ್ಲೇ ಅಣ್ಣ.”

“ಮತ್ತೆ ಅವರನ್ನೇ ಆಚೆ ಹಾಕಿದ್ದೀಯಲ್ಲ.”

“ಅದನ್ನ ಇಟ್ಕೊಂಡು ಹೆಂಡತೀನ ಕಾವಲು ಕಾಯ್ತಿದ್ದಾನೆ ಅಣ್ಣ. ಹೊಡೆದು ಹಲ್ಲು ಮುರಿದಿದ್ದಾನೆ.”

“ಅವನ ಹೆಂಡ್ತಿ, ಅವನ ಅಕ್ಕನ ಮನೆ, ಅವನ ರೂಟರು. ಅದ್ರಲ್ಲಿ ನಿಂದೇನಿದೆ? ಹೋಗಿ ಮೊದ್ಲು ಹೆಂಗಿತ್ತೋ ಹಂಗೆ ಮಾಡಿಕೊಟ್ಟು ಬಾ. ಆಗಲ್ಲ ಅಂದ್ರೆ ಏಣಿ ಇಲ್ಲೇ ಇಟ್ಟೋಗು.”

ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಗಿರಾಕಿ ಅವನು. ಅವನಿಗೆ ಗೊತ್ತಿಲ್ಲದೆ ಅವನ ರೂಟರ್ ಅಳಿಸಲು ನನಗೆ ಹಕ್ಕಿರಲಿಲ್ಲ. ಕೆಲಸ ಬಿಟ್ಟು ಬರೋಣ ಎನ್ನಿಸಿತು. ಬಿಟ್ಟರೆ ಆ ಮನೆಯೊಳಗೆ ಕಾಲಿಡಲು ನನಗೆ ನೆಪವೇ ಇರುವುದಿಲ್ಲ ಎಂದೂ ಅನ್ನಿಸಿತು. ಸ್ಕೂಟರಿನ ಮೇಲೆ ಹೋಗುತ್ತಾ ಹೋಗುತ್ತಾ ನಿರ್ಧಾರಕ್ಕೆ ಬಂದೆ: ವಾಪಸ್ ಕೊಡುತ್ತೇನೆ, ಅವನು ಕೇಳಿದ್ದಕ್ಕಿಂತ ಚೆನ್ನಾಗಿಯೇ ಕೊಡುತ್ತೇನೆ. ಅವನು ನಂಬಿರುವುದು ಹುಡುಗಿಯನ್ನಲ್ಲ, ಅವಳ ಫೋನನ್ನು. ಅವನು ಆ ಫೋನನ್ನೇ ಕಾಯಲಿ.

ಮಾವನನ್ನು ಎದುರಿಗೇ ಕೂರಿಸಿಕೊಂಡು ಆಪ್ ಸೇರಿಸಿಕೊಟ್ಟೆ. ಅವಳ ಫೋನ್ ವೈಫೈ ಬಿಟ್ಟ ತಕ್ಷಣ ಅವನ ಫೋನ್ ಸದ್ದು ಮಾಡುವಂತೆಯೂ ಮಾಡಿದೆ. “ಇನ್ಮೇಲೆ ನೀವು ಪದೇ ಪದೇ ನೋಡ್ತಾ ಕೂರ್ಬೇಕಿಲ್ಲ ಸಾರ್. ಫೋನೇ ಕೂಗಿ ಹೇಳುತ್ತೆ,” ಎಂದೆ. ಅವನಿಗೆ ಬಹಳ ಖುಷಿಯಾಯಿತು. ಆವತ್ತು ಮನೆಯಿಂದ ಹೊರಟಾಗ ನನ್ನ ಪರಿಕರದ ಚೀಲದಲ್ಲಿ, ವೈರಿನ ಸುರುಳಿಯ ಕೆಳಗೆ, ಹುಡುಗಿ ಗುಟ್ಟಾಗಿ ತಂದಿಟ್ಟಿದ್ದ ಅಂಕಪಟ್ಟಿಗಳೂ ಡಿಪ್ಲೊಮಾ ಸರ್ಟಿಫಿಕೇಟೂ ಇದ್ದವು.

ಮಾಲೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನವರೊಡನೆ ಮಾತುಕತೆಯೆಲ್ಲ ನನ್ನ ಫೋನಿನಿಂದ ನಡೆಯಿತು. ಮೂಲ ದಾಖಲೆ ತಂದು ತೋರಿಸಿ ಅದೇ ದಿನ ಸೇರಿಕೊಳ್ಳಬಹುದು, ಮಹಡಿಯ ಮೇಲೆ ಇನ್ನಿಬ್ಬರು ಹುಡುಗಿಯರೊಡನೆ ಇರಲು ರೂಮಿದೆ ಎಂದರು. ತಾಯಿ ಟೊಮೆಟೊ ಕೀಳಲು ಹೋಗುವ ದಿನವೊಂದನ್ನು ನೋಡಿಕೊಂಡೆವು. ಮಾವಿನ ಸುಗ್ಗಿ, ಮಾವ ಮಂಡಿ ಬಿಟ್ಟು ಅಲ್ಲಾಡುವಂತಿರಲಿಲ್ಲ.

ಹುಡುಗಿ ಫೋನನ್ನು ಚಾರ್ಜಿಗೆ ಹಾಕಿ, ಒಂದರ ಹಿಂದೆ ಒಂದು ಧಾರಾವಾಹಿ ತಾನಾಗಿಯೇ ಓಡುವಂತೆ ಮಾಡಿ, ಮಂಚದ ಮೇಲೆ ದಿಂಬಿಗೆ ಒರಗಿಸಿಟ್ಟಳು. ಬಾಗಿಲು ಎಳೆದುಕೊಂಡು ಬರಿಗೈಯಲ್ಲಿ ತೋಪಿನೊಳಗಿಂದ ನಡೆದುಬಂದಳು. ನನ್ನ ಹಿಂದೆ ಕೂರಿಸಿಕೊಂಡು, ಬಸ್ ಸ್ಟ್ಯಾಂಡ್ ಬಿಟ್ಟು ಊರಾಚೆ ಕೋಲಾರ ರಸ್ತೆಯ ಸ್ಟಾಪಿನಲ್ಲಿ ಇಳಿಸಿದೆ. ದಾಖಲೆಗಳನ್ನು ಕೊಟ್ಟೆ. “ಅಲ್ಲಿ ಹೊಸ ಸಿಮ್ ತೊಗೊಂಡು ನಿಮಗೆ ಮಾಡ್ತೀನಿ ಅಕ್ಕ. ಆ ನಂಬರ್ ಅಮ್ಮನಿಗೆ ಮಾತ್ರ ಕೊಡ್ಬೇಡಿ. ಅಮ್ಮ ಅತ್ರೂ ಕೊಡ್ಬೇಡಿ,” ಎಂದಳು. ಮಾತು ಕೊಟ್ಟೆ.

ಬಸ್ಸು ಬರುವ ಮೊದಲೇ ನಾನು ಹೊರಟು ಮಂಡಿಗೆ ಹೋದೆ. ಅವನ ಕಣ್ಣು ರಸ್ತೆಯ ಕಡೆ ಹೋಗಬಾರದಿತ್ತು. ಮಾವ ಹಣ್ಣಿನ ರಾಶಿಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ.

“ಎಲ್ಲಾ ಸರಿಯಾಗಿ ಬರ್ತಿದೆಯಾ ಸಾರ್, ನೋಡ್ಕೊಂಡೋಗೋಣ ಅಂತ ಬಂದೆ.”

ಅವನು ಆಪ್ ತೆರೆದು ನನ್ನ ಮುಖದ ಮುಂದೆ ಹಿಡಿದ. “ನೋಡಮ್ಮ, ಬೆಳಗ್ಗಿಂದ ಸೀರಿಯಲ್ ನೋಡ್ತಾ ಬಿದ್ದವ್ಳೆ. ಕೆಲಸಕ್ಕೆ ಹೋಗ್ತೀನಿ ಅಂತ ಕುಣೀತಿದ್ಲು. ಹೆಣ್ಣುಮಕ್ಳನ್ನ ಹತೋಟೀಲಿಟ್ರೆ ತಾನಾಗೇ ದಾರಿಗೆ ಬರ್ತಾರೆ.” ಆಮೇಲೆ ಆಳನ್ನು ಕರೆದು ನನಗೊಂದು ಬಾಕ್ಸ್ ಬಾದಾಮಿ ಹಣ್ಣು ಕಟ್ಟಿಸಿದ. ತೆಗೆದುಕೊಂಡೆ. ಮನೆಗೆ ಒಯ್ದು ತಿಂದೆ, ಚೆನ್ನಾಗಿದ್ದವು.

ಸಂಜೆಗೆ ಹೊಸ ನಂಬರಿನಿಂದ ಫೋನ್ ಬಂತು. ಸೇರಿಕೊಂಡಿದ್ದಳು. ರಕ್ತ ತೆಗೆಯುವಾಗ ಕೈ ಒಂದಿಷ್ಟೂ ನಡುಗಲಿಲ್ಲ ಅಕ್ಕ ಎಂದಳು.

ಕೆಲವು ವಾರ ಕಳೆದ ಮೇಲೆ ಮಾವ ಕನೆಕ್ಷನ್ ಕಡಿಸಿದ. ಡಬ್ಬಿ ಬಿಚ್ಚಿಕೊಂಡು ಬರಲು ಮಾಲೀಕರು ನನ್ನನ್ನೇ ಕಳಿಸಿದರು. ಬಾಗಿಲು ತೆರೆದ ತಾಯಿಯ ಬಲಗೈ ಮೊಣಕೈವರೆಗೆ, ಮೂಳೆ ಕೂಡಲು ಹಾಕುವ ಹಿಟ್ಟಿನ ಕಟ್ಟಿನಲ್ಲಿತ್ತು.

“ಏನಾಯ್ತಮ್ಮ ಕೈಗೆ?”

“ಜಾರಿ ಬಿದ್ದೆ.”

ನಾನು ಸ್ಟೂಲು ಹತ್ತಿ ಸ್ಕ್ರೂ ಬಿಚ್ಚತೊಡಗಿದೆ. ತಾಯಿ ಎಡಗೈಯಲ್ಲಿ ಮಗಳ ಫೋನ್ ಹಿಡಿದುಕೊಂಡು ಕೆಳಗೆ ನಿಂತರು. ಅದಕ್ಕೆ ಚಾರ್ಜರಿನ ವೈರು ಇನ್ನೂ ಸಿಕ್ಕಿಸಿಯೇ ಇತ್ತು.

“ಆವತ್ತು ಮಧ್ಯಾಹ್ನ ಮನೆಗೆ ಬಂದು ನೋಡ್ತೀನಿ, ಇದೊಂದೇ ತಾನಾಗೇ ಮಾತಾಡ್ಕೊಂಡು ಕೂತಿತ್ತು ಅಮ್ಮಣ್ಣಿ. ನಂಗೆ ಅರ್ಥ ಆಗೋಯ್ತು. ಅವನು ಫೋನ್ ಮಾಡಿ ಮನೇಲಿದ್ದಾಳಾ ಅಂತ ಕೇಳ್ದ. ಇದ್ದಾಳೆ, ಮಲಗವ್ಳೆ ಅಂದೆ. ಹುಟ್ಟಿದಾಗಿಂದ ಅವನಿಗೆ ಹೇಳಿದ್ದು ಅದೊಂದೇ ಸುಳ್ಳು.” ಕಟ್ಟು ಹಾಕಿದ ಕೈಯನ್ನು ಒಂದು ಸಲ ನೋಡಿಕೊಂಡರು. “ಅವಳಿಗೆ ಅದು ಗೊತ್ತಿಲ್ಲ. ನಾನೇ ಹೇಳ್ಬೇಕು. ನಿನ್ ಹತ್ರ ಅವಳ ನಂಬರ್ ಇದೆಯಾ?”

ಇವರು ಈಗ ಹೇಳಿದ್ದು ನಿಜವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆ ತಮ್ಮ ನಾಳೆ ಬಂದು ಈ ಹೊಸಿಲ ಮೇಲೆ ಕೂತು, ಅಕ್ಕಾ ಎಂದು ಒಂದು ಸಲ ಅತ್ತರೆ ಇವರು ಏನು ಮಾಡುತ್ತಾರೆ ಎಂಬುದೂ ಗೊತ್ತಿತ್ತು. ಇನ್ನೊಂದು ಕೈ ಮುರಿಯುವ ತನಕ ಬಾಯಿ ಬಿಡದಿರಬಹುದು, ಇಲ್ಲವೇ ಮುರಿಯುವ ಮೊದಲೇ ಬಿಡಬಹುದು. ಅದನ್ನು ಪರೀಕ್ಷೆ ಮಾಡಿ ನೋಡುವ ಹಾಗಿರಲಿಲ್ಲ. ನನ್ನ ಜೇಬಿನಲ್ಲಿ ಫೋನಿತ್ತು, ಅದರಲ್ಲಿ ನಂಬರ್ ಇತ್ತು.

“ಇಲ್ಲಮ್ಮ,” ಎಂದೆ.

ಅವರು ನಂಬಲಿಲ್ಲ. ಇನ್ನೊಂದು ಸಲ ಕೇಳಲೂ ಇಲ್ಲ. “ಇದನ್ನ ತೆಗೆದ್ರೆ ಇದ್ರಲ್ಲಿ ಅವಳು ಮಾಡಿದ್ರೆ ಬರಲ್ವಾ?” ಎಂದು ಫೋನನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದರು.

“ಈ ಮನೆಯೊಳಗೆ ಬರಲ್ಲ. ತೋಪಿನ ಹತ್ರ ಹೋಗ್ಬೇಕು.”

ಪ್ಲಗ್ಗು ಕಿತ್ತೆ. ರೂಟರಿನ ದೀಪಗಳು ಆರಿದವು. ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದು ಸ್ಕೂಟರ್ ಹತ್ತಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ತಾಯಿ ಆ ಫೋನನ್ನು ಎದೆಗೊತ್ತಿಕೊಂಡು ಬಿಸಿಲಲ್ಲಿ ತೋಪಿನ ಕಡೆ ನಡೆಯುತ್ತಿದ್ದರು. ಆ ನಂಬರಿಗೆ ಮಗಳು ಎಂದೂ ಫೋನ್ ಮಾಡುವುದಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ.